ಪೂರ್ವಪಕ್ಷವನ್ನರಿಯದ ದ್ವೇಷ

ಮತಭೇದವೇ ದ್ವೇಷಕ್ಕೆ ಮೂಲವೆನ್ನುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಶ್ರೀವ್ಯಾಸರಾಜರು ನ್ಯಾಯಾಮೃತದಲ್ಲಿ ಅದ್ವೈತಿಗಳ ಪಕ್ಷವನ್ನು ವಿಸ್ತಾರವಾಗಿ ನಿರೂಪಿಸಿಯೇ ಖಂಡಿಸಿದರು. ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯಿಂದ ಉತ್ತರವಿತ್ತರು. ನಮ್ಮ ರಾಮಾಚಾರ್ಯರು ತರಂಗಿಣಿಯಿಂದ ಪ್ರತ್ಯುತ್ತರವಿತ್ತರು. ಇವರು ಮಧುಸೂದನರಲ್ಲಿಯೇ ಪಾಠ ಕೇಳಿದ್ದರೆಂದು ಐತಿಹ್ಯ. ವಾದವೇನೋ ಉಗ್ರವೇ, ಆದರೆ ಎದುರಾಳಿಯ ಗ್ರಂಥವನ್ನೋದದೆ ಯಾರೂ ಲೇಖನಿ ಹಿಡಿಯಲಿಲ್ಲ.

ಇಂದು ಅನ್ಯಮತೀಯರನ್ನು ಹಳಿಯುವ ನಮ್ಮಲ್ಲಿ ಅವರ ಪೂರ್ವಪಕ್ಷವನ್ನು ಬಲ್ಲವರೆಷ್ಟು? ಬಾಲ್ಯದಲ್ಲಿ ಪಂಕ್ತಿಯಲ್ಲಿ ಕುಳಿತು ಕೇಳಿದ ಮಾತನ್ನೇ ಮಕ್ಕಳಿಗೂ ಒಪ್ಪಿಸುತ್ತೇವೆ. ಅದು ಪ್ರತ್ಯಕ್ಷವಲ್ಲ, ಅನುಮಾನವಲ್ಲ, ಆಗಮವಂತೂ ಅಲ್ಲವೇ ಅಲ್ಲ! ಪರೀಕ್ಷೆಗೇ ಒಳಗಾಗದ ಮಾತಿಗೆ ಸೋಲೆಲ್ಲಿಯದು? ಆದುದರಿಂದಲೇ ಅದು ತಲೆಮಾರುಗಳನ್ನು ದಾಟಿ ಬರುತ್ತದೆ.

2017ರ ಜೂನ್ 24ರಂದು ಪೇಜಾವರ ಶ್ರೀವಿಶ್ವೇಶತೀರ್ಥರು ಉಡುಪಿಯ ಶ್ರೀಕೃಷ್ಣಮಠದ ಆವರಣದಲ್ಲಿ ಮುಸಲ್ಮಾನರಿಗೆ ಇಫ್ತಾರ್ ಏರ್ಪಡಿಸಿದಾಗ ಆಕ್ಷೇಪಗಳೆದ್ದವು. ಏಕಾದಶಿಯಂದು ನಿರ್ಜಲರಾಗಿರುವ ನಮಗೆ, ಹಗಲೆಲ್ಲ ನೀರು ಮುಟ್ಟದವರ ಬಾಯಾರಿಕೆಯು ಬಿಡಿಸಿ ಹೇಳಬೇಕಾದ ಸಂಗತಿಯೆ?