ದೋಷದ ನೆಲೆ

ತಪ್ಪು ಕಾಣಿಸಿಕೊಳ್ಳುವ ಸ್ಥಳವೇ ತಪ್ಪಿನ ನೆಲೆಯಾಗಿರಬೇಕೆ? ಈ ಪ್ರಶ್ನೆ ನನ್ನನ್ನು ನಿಜವಾಗಿ ಕಾಡಿದ್ದು ನಿವೃತ್ತಿಯ ಬಳಿಕ, ಕಾಸರಗೋಡಿನ ಒಂದು ಗ್ಯಾರೇಜಿನಲ್ಲಿ.

ನನ್ನ ಹಳೆಯ ಕಾರು ಮಳೆಗಾಲದ ಮುಂಜಾನೆಗಳಲ್ಲಿ ಮಿಸ್ಸಿಂಗ್ ಆಗುತ್ತಿತ್ತು. ನಾಲ್ಕು ಸಿಲಿಂಡರುಗಳಲ್ಲಿ ಒಂದು ಕೈಕೊಟ್ಟು ಎಂಜಿನ್ ಕುಂಟುತ್ತಿತ್ತು, ಬಿಸಿಲೇರಿದರೆ ಸರಿಹೋಗುತ್ತಿತ್ತು. ಪ್ಲಗ್ಗುಗಳನ್ನು ಎರಡು ಬಾರಿ ಬದಲಿಸಿದೆ, ಕಾರ್ಬ್ಯುರೇಟರನ್ನು ಶುಚಿಗೊಳಿಸಿದೆ, ಫಲವಾಗಲಿಲ್ಲ.

ವೃದ್ಧ ಮೆಕ್ಯಾನಿಕ್ ಒಬ್ಬರು ಮಳೆ ಹನಿಯುವ ಮುಂಜಾನೆಯೇ ಬರಹೇಳಿದರು. ಎಂಜಿನ್ ಓಡುತ್ತಿರುವಾಗಲೇ ರಬ್ಬರು ಹಿಡಿಯ ಇಕ್ಕಳದಿಂದ ಪ್ಲಗ್ಗಿನ ವಯರುಗಳನ್ನು ಒಂದೊಂದಾಗಿ ಕಳಚಿ ಆಲಿಸಿದರು. ದುಡಿಯುವ ಸಿಲಿಂಡರಿನ ವಯರು ಕಳಚಿದರೆ ಎಂಜಿನ್ ಮತ್ತಷ್ಟು ಕುಗ್ಗುತ್ತದೆ; ಎರಡನೆಯದರಲ್ಲಿ ಏನೂ ಬದಲಾಗಲಿಲ್ಲ. ಎಂಜಿನ್ ನಿಲ್ಲಿಸಿ, ಅದರ ಪ್ಲಗ್ಗನ್ನು ಮೂರನೆಯದರೊಡನೆ ಅದಲುಬದಲು ಮಾಡಿದರು. ಹೊಸ ಜಾಗದಲ್ಲಿ ಪ್ಲಗ್ಗು ಚೆನ್ನಾಗಿಯೇ ದುಡಿಯಿತು. ದೋಷ ಮಾತ್ರ ಎರಡನೆಯದರಲ್ಲೇ ಉಳಿಯಿತು. ವಯರು ಬದಲಿಸಿದರೂ ಹಾಗೆಯೇ. ಕೊನೆಗೆ ಷಟರ್ ಎಳೆದು ಕತ್ತಲು ಮಾಡಿದರು. ನಾಲ್ಕೂ ಪ್ಲಗ್ಗುಗಳಿಗೆ ಸರದಿಯಂತೆ ವಿದ್ಯುತ್ತನ್ನು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದಲ್ಲಿ ಕೂದಲೆಳೆಯಷ್ಟು ಬಿರುಕು. ತೇವ ಹಿಡಿದಾಗ ಅಲ್ಲಿ ನೀಲಿ ಕಿಡಿ ಸೋರುತ್ತಿತ್ತು.

“ಪ್ಲಗ್ಗಿನದ್ದೇನೂ ತಪ್ಪಿಲ್ಲ ಮಾಷ್ಟ್ರೇ, ಹಂಚುವಲ್ಲಿಯೇ ಬಿರುಕು” ಎಂದರು.

ಆಗ ನೆನಪಾದವನು ಎಂಟನೆಯ ತರಗತಿಯ ಒಬ್ಬ ಹುಡುಗ. ಗಣಿತದ ಪಾಠದಲ್ಲಿ ಸದಾ ಮೌನಿ. ಕನ್ನಡ ಮಾಧ್ಯಮದ ಆ ತರಗತಿಗೆ ಬಂದಿದ್ದ ಅಧ್ಯಾಪಕರಿಗೆ ಕನ್ನಡ ಬಾರದು. ನಾನು ಹುಡುಗನನ್ನೇ ಗದರಿಸಿದೆ. ತಂದೆಯನ್ನು ಕರೆಸಿ “ಇವನ ತಲೆಗೆ ಓದು ಹತ್ತದು” ಎಂದೆ. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಬಹುಕಾಲದ ನಂತರ ಅವನ ಅಂಗಡಿಗೆ ಹೋದಾಗ, ಹತ್ತು ಸಾಮಾನುಗಳ ಲೆಕ್ಕವನ್ನು ಬಾಯಲ್ಲೇ ಕೂಡಿ ಹೇಳಿದ.

ಅಧ್ಯಾಪಕರನ್ನು ದೂರಲಾರೆ, ಅವರು ವಿಷಯ ಬಲ್ಲವರೇ. ಅವರನ್ನು ಅಲ್ಲಿಗೆ ನೇಮಿಸಿದವರನ್ನು ದೂರುವುದು ನ್ಯಾಯವೇ. ಆದರೆ ಅಲ್ಲಿಗೇ ನಿಂತರೆ ಆತ್ಮವಂಚನೆಯಾದೀತು. ಶಾಲೆಯ ವೇಳಾಪಟ್ಟಿಯನ್ನು ಬರೆಯುತ್ತಿದ್ದವನು ನಾನು. ಪಕ್ಕದ ಮಲಯಾಳ ಮಾಧ್ಯಮದ ತರಗತಿಯಲ್ಲಿ ಎರಡೂ ಭಾಷೆ ಬಲ್ಲ ಗಣಿತದ ಅಧ್ಯಾಪಕರಿದ್ದರು. ಇಬ್ಬರನ್ನೂ ಅದಲುಬದಲು ಮಾಡಿ ನೋಡಬಹುದಿತ್ತು. ಪಟ್ಟಿ ಕೆಡುತ್ತದೆಂದು ಮಾಡಲಿಲ್ಲ. ಹಂಚುವವನು ನಾನೇ ಆಗಿದ್ದೆ.

ಮುಚ್ಚಳ ಬದಲಾಯಿತು, ಕಾರು ಈಗ ಮಳೆಯಲ್ಲೂ ಓಡುತ್ತದೆ. ಆ ಹುಡುಗನ ಎಂಟನೆಯ ತರಗತಿಯನ್ನು ಮಾತ್ರ ಮರಳಿ ಕೊಡಲಾರೆ. ಗಡಿನಾಡಿನ ನಮ್ಮ ಮಕ್ಕಳು ತಡವರಿಸಿದಾಗ ‘ದಡ್ಡ’ ಎಂಬ ಮಾತು ಹಿರಿಯರಾದ ನಮ್ಮ ಬಾಯಿಗೆ ಬರುವ ಮುನ್ನ, ಒಮ್ಮೆ ನಾವು ಹಂಚಿದ ರೀತಿಯನ್ನು ಪರೀಕ್ಷಿಸಿಕೊಳ್ಳೋಣ.