ಹೊರಡುವ ತಯಾರಿ

ಕೊಡಗಿನಲ್ಲಿ ಕಕ್ಕಡ ಅಂದ್ರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಜಡಿಮಳೆಯ ತಿಂಗಳು. ಅದಕ್ಕೆ ಮೊದಲೇ ಒಣ ಸೌದೆ, ಅಕ್ಕಿ, ಒಣಮೀನು, ಉಪ್ಪಿನಕಾಯಿ ಎಲ್ಲ ಮನೆ ಸೇರಬೇಕು. ಮಳೆಗೆ ಸಿದ್ಧವಾಗೋದು ಅಂದ್ರೆ ಮನೆಯೊಳಗೆ ಕೂರೋಕೆ ಸಿದ್ಧವಾಗೋದು. ತಲೆಮಾರುಗಳಿಂದ ಬಂದ ವಿವೇಕ ಅದು. 2018ರ ಆಗಸ್ಟ್ ಅದನ್ನು ತಲೆಕೆಳಗು ಮಾಡಿತು. ಮಕ್ಕಂದೂರು, ಜೋಡುಪಾಲ, ಮದೆನಾಡು, ಹಟ್ಟಿಹೊಳೆ ಕಡೆ ಗುಡ್ಡಗಳೇ ಕೆಸರಾಗಿ ಇಳಿದು ಬಂದಾಗ ಎಷ್ಟೋ ಜನರಿಗೆ ಮನೆಯೇ ಅಪಾಯದ ಜಾಗವಾಯಿತು. ಈಗ ಕಲಿಯಬೇಕಿರೋದು ಹೊರಡುವ ತಯಾರಿ.

ಪ್ರತಿ ದುರಂತದ ನಂತರ ಒಂದು ಪ್ರಶ್ನೆ ಬರುತ್ತೆ: "ಹೇಳಿದ್ರೂ ಯಾಕೆ ಹೊರಡಲಿಲ್ಲ?" 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಪ್ರಧಾನ ಅರ್ಚಕರೂ ಸೇರಿ ಐವರು ಮಣ್ಣಿನಡಿ ಸಿಲುಕಿದಾಗಲೂ ಬಂತು. 2024ರ ಜುಲೈನಲ್ಲಿ ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ನೂರಾರು ಜನ ಸತ್ತಾಗ, ಮೊದಲೇ ಎಚ್ಚರಿಸಿದ್ದೆವೋ ಇಲ್ಲವೋ ಅಂತ ಕೇಂದ್ರ ಮತ್ತು ಕೇರಳ ಸರ್ಕಾರಗಳೇ ವಾದಕ್ಕಿಳಿದವು. ಎಚ್ಚರಿಕೆ ಕೊಟ್ಟ ಕ್ಷಣಕ್ಕೆ ಕೊಟ್ಟವರ ಹೊಣೆ ಮುಗಿದು, ಉಳಿದದ್ದೆಲ್ಲ ಕೇಳಿಸಿಕೊಂಡವರ ತಲೆ ಮೇಲೆ ಬೀಳುತ್ತದೆಯೇ?

"ಅವರ ಮನೆ, ಅವರ ಪ್ರಾಣ, ಅವರಿಷ್ಟ" ಅನ್ನೋದು ಸುಲಭದ ಉತ್ತರ. ನನಗೆ ಒಪ್ಪಿಗೆಯಾಗುವುದಿಲ್ಲ. ಉಳಿದವರನ್ನು ಹುಡುಕಿಕೊಂಡು ಅದೇ ಕೆಸರಿಗೆ ಇಳಿಯುವವರ ಪ್ರಾಣವೂ ಆ ಲೆಕ್ಕದಲ್ಲಿದೆ. ಮನೆಯಲ್ಲಿರುವ ಮಕ್ಕಳನ್ನು ಯಾರೂ ಕೇಳಿರುವುದಿಲ್ಲ. ಇನ್ನೂ ಮುಖ್ಯವಾಗಿ, ಇಷ್ಟ ಅನ್ನಬೇಕಾದರೆ ಎರಡು ದಾರಿಯೂ ತೆರೆದಿರಬೇಕು.

ಹೊರಡೋದಕ್ಕೆ ಏನೇನು ಬೇಕು ನೋಡಿ. ಆಧಾರ್, ಪಹಣಿ, ಮಾತ್ರೆ, ಟಾರ್ಚ್ ಇಟ್ಟ ಒಂದು ಬ್ಯಾಗ್. ಇಷ್ಟು ಎಲ್ಲರಿಗೂ ಸಾಧ್ಯ. ಅಂಗಳದಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ವಾಲಿದ ಮರ, ಗುಡ್ಡದಿಂದ ಉಕ್ಕುವ ಕೆಂಪು ನೀರು, ಜೋರು ಮಳೆಯಲ್ಲೂ ಒಮ್ಮೆಲೇ ಇಳಿದುಹೋದ ತೋಡು, ಇವು ಅಪಾಯದ ಲಕ್ಷಣ ಅಂತ ಕಲಿಯೋದೂ ಸಾಧ್ಯ. ಆದರೆ ಕೊಟ್ಟಿಗೆಯ ಹಸುವನ್ನು ಯಾರಿಗೆ ಒಪ್ಪಿಸೋದು? ಹಾಸಿಗೆ ಹಿಡಿದ ಅಜ್ಜಿಯನ್ನು ಯಾವ ಗಾಡಿಯಲ್ಲಿ ಕರೆದೊಯ್ಯೋದು? ತೋಟದ ಲೈನ್ ಮನೆಯಲ್ಲಿರುವ ಕೂಲಿಯವರಿಗೆ ಪಹಣಿಯೇ ಇಲ್ಲ. ಮನೆ ಯಾವ ಇಳಿಜಾರಿನಲ್ಲಿರಬೇಕು ಅಂತ ತೀರ್ಮಾನಿಸಿದ್ದು ಅವರಲ್ಲ, ಹೊರಟರೆ ಆ ದಿನದ ಕೂಲಿಯೂ ಇಲ್ಲ. ಇವರಿಗೆ ಬರೀ "ಹೊರಡಿ" ಅನ್ನೋದು ಅರ್ಧ ಎಚ್ಚರಿಕೆ. ಗಾಡಿ, ಜಾನುವಾರಿಗೆ ಜಾಗ, ಕೂಲಿಯ ಭರವಸೆ ಜೊತೆಗಿದ್ದರೆ ಮಾತ್ರ ಅದು ಪೂರ್ತಿ. ಅದಾದ ಮೇಲೂ ಕೂತವರನ್ನು ಪ್ರಶ್ನಿಸುವ ಹಕ್ಕು ನಮಗೆ ಬರುತ್ತದೆ, ಅದಕ್ಕೆ ಮುಂಚೆ ಅಲ್ಲ.

ಇನ್ನೊಂದು ಮಾತು. ಹೆಚ್ಚಿನ ಸಲ ಗುಡ್ಡ ಕುಸಿಯುವುದಿಲ್ಲ. ಮೂರು ದಿನ ಶಾಲೆಯಲ್ಲಿ ಮಲಗಿ ವಾಪಸ್ ಬಂದರೆ ಮನೆ ಹಾಗೇ ಇರುತ್ತೆ. "ಸುಮ್ನೆ ಓಡಿಸಿದ್ರು" ಅಂತ ಬೈಗುಳ ಶುರು. ಮುಂದಿನ ಸಲ ಅಧಿಕಾರಿ ಹೇಳೋಕೆ ಹಿಂಜರಿಯುತ್ತಾರೆ, ಜನ ಕೇಳೋಕೆ. ವರ್ಷವಿಡೀ ಇನ್ಶೂರೆನ್ಸ್ ಕಟ್ಟಿ, ಕಾಯಿಲೆ ಬರಲಿಲ್ಲ ಅಂತ ಯಾರಾದರೂ ಅಳುತ್ತಾರಾ? ಏನೂ ಆಗದ ದಿನವನ್ನು ನಷ್ಟ ಅಂತ ಎಣಿಸದೆ ಇರೋದು ಒಂದು ಊರು ಒಟ್ಟಾಗಿ ಬೆಳೆಸಿಕೊಳ್ಳಬೇಕಾದ ಗುಣ.

ಬೆಂಗಳೂರಿನಲ್ಲಿರುವ ನಮಗೂ ಇದರಲ್ಲಿ ಪಾಲಿದೆ. ನಮ್ಮ ನಲ್ಲಿಗೆ ಬರೋದು ಆ ಬೆಟ್ಟಗಳಲ್ಲಿ ಹುಟ್ಟುವ ಕಾವೇರಿ. ವೀಕೆಂಡಿಗೆ ನಮಗೆ ಬೇಕಾಗೋದು "ವ್ಯೂ" ಇರುವ ಹೋಮ್‌ಸ್ಟೇ. ರಸ್ತೆಗೆ, ಕಟ್ಟಡಕ್ಕೆ ಇಳಿಜಾರನ್ನು ನೆಟ್ಟಗೆ ಕಡಿದರೆ ಗುಡ್ಡದ ಬುಡ ಸಡಿಲವಾಗುತ್ತೆ, ಭಾರೀ ಮಳೆ ಉಳಿದ ಕೆಲಸ ಮುಗಿಸುತ್ತೆ. ಆ ವ್ಯೂಗೆ ದುಡ್ಡು ಕೊಡುವವರು ನಾವು, ಅದರ ಕೆಳಗೆ ಮಲಗುವವರು ಬೇರೆಯವರು. ಹೊರಡುವ ಖರ್ಚನ್ನು ಅವರೊಬ್ಬರೇ ಹೊರಬೇಕು ಅನ್ನೋದು ಯಾವ ನ್ಯಾಯ?