ಎರವಲು ಬಲ ಮತ್ತು ಸವೆಯುವ ಚೈನು

ಜಡ ವಸ್ತುಗಳ ವಿಷಯದಲ್ಲಿ ಮನುಷ್ಯನಿಗೆ ನೈತಿಕ ಹೊಣೆಗಾರಿಕೆ ಇದೆಯೇ? ನೆರೆಯವನ ಹಕ್ಕು, ಕೂಲಿಯವನ ಹಕ್ಕು, ಪ್ರಾಣಿಗಳ ಹಕ್ಕುಗಳ ಕುರಿತು ನಾವು ಸಾಕಷ್ಟು ಮಾತನಾಡುತ್ತೇವೆ. ಆದರೆ ಉಕ್ಕಿನ ತುಂಡೊಂದಕ್ಕೆ ಹಕ್ಕು ಎಲ್ಲಿಂದ ಬರಬೇಕು? ಅದಕ್ಕೆ ನೋವಿಲ್ಲ, ಹಸಿವಿಲ್ಲ, ದೂರು ಕೊಡಲು ನಾಲಗೆಯಿಲ್ಲ. ಹಣ ಕೊಟ್ಟು ಕೊಂಡದ್ದನ್ನು ಬೇಕಾದಂತೆ ಬಳಸಿ, ಹಾಳಾದಾಗ ಎಸೆದು ಇನ್ನೊಂದನ್ನು ಕೊಳ್ಳುತ್ತೇವೆ. ಇದರಲ್ಲಿ ಸರಿ ತಪ್ಪಿನ ಪ್ರಶ್ನೆ ಏನಿದೆ ಎಂದು ಯಾರಾದರೂ ಕೇಳಿದರೆ ತಕ್ಷಣ ಉತ್ತರಿಸುವುದು ಕಷ್ಟ. ಈ ಪ್ರಶ್ನೆಯನ್ನು ಗಾಳಿಯಲ್ಲಿ ಚರ್ಚಿಸುವ ಬದಲು ಒಂದು ಸಣ್ಣ ವಸ್ತುವನ್ನು ಮುಂದಿಟ್ಟುಕೊಂಡು ಯೋಚಿಸೋಣ. ಯುರೋಪಿನ ಬೆಟ್ಟದ ಹಾದಿಗಳಲ್ಲಿ ಓಡುವ ವಿದ್ಯುತ್ ಸೈಕಲ್ಲಿನ ಚೈನು ಆ ವಸ್ತು.

ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ದೇಶಗಳಲ್ಲಿ ಇಂತಹ ಸೈಕಲ್ಲುಗಳು ಈಗ ಸಾಮಾನ್ಯ. ಜರ್ಮನಿಯಲ್ಲಿ 2023ರಲ್ಲಿ ಮೊದಲ ಬಾರಿಗೆ ಸಾಧಾರಣ ಸೈಕಲ್ಲುಗಳಿಗಿಂತ ವಿದ್ಯುತ್ ಸೈಕಲ್ಲುಗಳೇ ಹೆಚ್ಚು ಮಾರಾಟವಾದವು. ಆ ವರ್ಷ ಸುಮಾರು 21 ಲಕ್ಷ ವಿದ್ಯುತ್ ಸೈಕಲ್ಲುಗಳನ್ನು ಅಲ್ಲಿನ ಜನ ಕೊಂಡರು. ಯುರೋಪಿನ ಕಾನೂನಿನ ಪ್ರಕಾರ ಇವುಗಳ ಮೋಟಾರಿನ ನಿರಂತರ ಶಕ್ತಿ 250 ವಾಟ್ ಮೀರಬಾರದು. ಸವಾರ ಪೆಡಲು ತುಳಿದಾಗ ಮಾತ್ರ ಅದು ನೆರವಾಗಬೇಕು, ವೇಗ ಗಂಟೆಗೆ 25 ಕಿಲೋಮೀಟರ್ ತಲುಪಿದ ಕೂಡಲೇ ನೆರವು ನಿಲ್ಲಬೇಕು. ನಿಯಮ ಹೀಗಿದ್ದರೂ ಏರಿನಲ್ಲಿ ಕೆಲವು ಕ್ಷಣಗಳ ಮಟ್ಟಿಗೆ ಮೋಟಾರು ಇದಕ್ಕಿಂತ ಬಹಳ ಹೆಚ್ಚು ಶಕ್ತಿ ಕೊಡಬಲ್ಲದು. ಬೆಟ್ಟದ ಸೈಕಲ್ಲುಗಳಿಗಾಗಿ ಬಾಷ್ ಕಂಪನಿ ತಯಾರಿಸಿದ ಮೋಟಾರು 2020ರ ಹೊತ್ತಿಗೇ ಸವಾರನ ಶಕ್ತಿಯ 340 ಶೇಕಡಾದಷ್ಟು ನೆರವು ನೀಡುತ್ತಿತ್ತು. ಅಂದರೆ ಸವಾರ 100 ವಾಟ್ ಹಾಕಿದರೆ ಮೋಟಾರು 340 ವಾಟ್ ಸೇರಿಸುತ್ತದೆ. ಆರೋಗ್ಯವಂತನಾದ ಸಾಮಾನ್ಯ ಮನುಷ್ಯ ಒಂದು ಗಂಟೆ ಕಾಲ ಬಿಡದೆ ತುಳಿದರೆ ಕೊಡಬಹುದಾದ ಶಕ್ತಿ ಸುಮಾರು 100ರಿಂದ 150 ವಾಟ್ ಮಾತ್ರ.

ಈ ಸೇರಿದ ಶಕ್ತಿಯೆಲ್ಲ ಯಾವ ದಾರಿಯಲ್ಲಿ ಹೋಗುತ್ತದೆ? ಮೋಟಾರನ್ನು ಚಕ್ರದ ನಡುವೆಯೇ ಕೂರಿಸಿದ ಸೈಕಲ್ಲುಗಳಲ್ಲಿ ಚೈನಿಗೆ ಅದರ ಭಾರ ತಟ್ಟುವುದಿಲ್ಲ. ಆದರೆ ಬೆಟ್ಟದ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮೋಟಾರು ಪೆಡಲುಗಳ ಬಳಿ, ನಡುವಿನಲ್ಲಿರುತ್ತದೆ. ತೂಕ ಸಮನಾಗಿ ಹಂಚಿಹೋಗಲಿ, ಗೇರುಗಳ ಪ್ರಯೋಜನ ಮೋಟಾರಿಗೂ ಸಿಗಲಿ ಎಂಬುದು ಇದರ ಉದ್ದೇಶ. ಹಾಗಾಗಿ ಮನುಷ್ಯನ ಕಾಲಿನ ಬಲವೂ ಮೋಟಾರಿನ ಬಲವೂ ಒಂದೇ ಚೈನಿನ ಮೂಲಕ ಹಿಂದಿನ ಚಕ್ರಕ್ಕೆ ಹೋಗಬೇಕು. ಸೈಕಲ್ಲಿನ ತೂಕವೋ, ಸಾಧಾರಣ ಬೆಟ್ಟದ ಸೈಕಲ್ಲಿಗಿಂತ ಎಂಟು ಹತ್ತು ಕಿಲೋ ಹೆಚ್ಚು. ಅದರ ಮೇಲೆ ಕೆಸರು, ಮರಳು, ಮಳೆ.

ಇಂದು ನಾವು ಕಾಣುವ ರೋಲರ್ ಚೈನು ಹೊಸದೇನಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ಅದನ್ನು ರೂಪಿಸಿದರು. ಐದು ವರ್ಷಗಳ ಬಳಿಕ ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ, ಹಿಂದಿನ ಚಕ್ರವನ್ನು ಚೈನಿನಿಂದ ತಿರುಗಿಸುವ ರೋವರ್ ಸೈಕಲ್ಲನ್ನು ತಂದರು. ಒಂದು ಕೊಂಡಿಯಿಂದ ಇನ್ನೊಂದಕ್ಕೆ ಅರ್ಧ ಇಂಚು, ಎಂದರೆ 12.7 ಮಿಲಿಮೀಟರ್, ಎಂಬ ಅಳತೆ ಇಂದಿಗೂ ಸೈಕಲ್ ಚೈನಿನಲ್ಲಿ ಉಳಿದಿದೆ. ಚೈನು ಹಳೆಯದಾದಾಗ 'ಎಳೆದುಕೊಂಡಿದೆ' ಎನ್ನುತ್ತಾರೆ. ವಾಸ್ತವದಲ್ಲಿ ಉಕ್ಕು ರಬ್ಬರಿನಂತೆ ಎಳೆದುಕೊಳ್ಳುವುದಿಲ್ಲ. ಪ್ರತಿ ಕೊಂಡಿಯ ಪಿನ್ನು ತನ್ನ ತೂತಿನೊಳಗೆ ತಿರುಗಿ ತಿರುಗಿ, ಒಳಗೆ ಸೇರಿದ ಮರಳಿನ ಪುಡಿಯೊಂದಿಗೆ ಉಜ್ಜಿ ತುಸು ಸವೆಯುತ್ತದೆ. ಹನ್ನೊಂದು, ಹನ್ನೆರಡು ಗೇರುಗಳ ಸೈಕಲ್ಲುಗಳಲ್ಲಿ ಚೈನಿನ ಉದ್ದ 0.5 ಶೇಕಡಾ ಹೆಚ್ಚಾದರೆ ಅದನ್ನು ಬದಲಿಸಬೇಕೆಂಬುದು ರೂಢಿಯ ನಿಯಮ. ಒಂದು ಕೊಂಡಿಯ ಲೆಕ್ಕದಲ್ಲಿ ಇದು ಕೇವಲ 0.06 ಮಿಲಿಮೀಟರ್, ಸುಮಾರಾಗಿ ತಲೆಗೂದಲಿನ ದಪ್ಪ. ಕಣ್ಣಿಗೆ ಕಾಣುವಂಥದ್ದಲ್ಲ. ಅದಕ್ಕಾಗಿಯೇ ಚೈನಿನ ಸವೆತ ನೋಡುವ ಸಣ್ಣ ಅಳತೆಪಟ್ಟಿಯೊಂದಿದೆ.

ಈ ಹಂತದಲ್ಲಿ ಬದಲಿಸಿದರೆ ನಷ್ಟ ಒಂದು ಚೈನಿನದು ಮಾತ್ರ. ಬದಲಿಸದಿದ್ದರೆ ಉದ್ದವಾದ ಚೈನು ಹಲ್ಲುಚಕ್ರಗಳ ಹಲ್ಲುಗಳ ನಡುವೆ ಸರಿಯಾಗಿ ಕೂರದೆ ಅವುಗಳನ್ನು ಕೊಕ್ಕೆಯ ಆಕಾರಕ್ಕೆ ಕೊರೆಯುತ್ತದೆ. ಆಮೇಲೆ ಹೊಸ ಚೈನು ಹಾಕಿದರೂ ಅದು ಸವೆದ ಹಲ್ಲುಗಳ ಮೇಲೆ ಜಾರುತ್ತದೆ. ಹಿಂದಿನ ಹಲ್ಲುಚಕ್ರಗಳ ಗೊಂಚಲನ್ನೇ ಬದಲಿಸಬೇಕಾಗುತ್ತದೆ, ಅದರ ಬೆಲೆ ಚೈನಿನ ಬೆಲೆಯ ಹಲವು ಪಟ್ಟು. ಒಂದು ಕಡೆಯ ಅಲಕ್ಷ್ಯ ಅಲ್ಲಿಗೇ ನಿಲ್ಲುವುದಿಲ್ಲ, ಅದು ಪಕ್ಕದವರನ್ನೂ ಸವೆಸುತ್ತದೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಸಾಧಾರಣ ಸೈಕಲ್ಲಿನಲ್ಲಿ ಏರು ಹತ್ತುವವನಿಗೆ ಚೈನಿನ ಮೇಲಿನ ಭಾರ ತನ್ನ ಕಾಲಿನಲ್ಲೇ ತಿಳಿಯುತ್ತದೆ. ಗೇರು ತಪ್ಪಾಗಿದ್ದರೆ ಮೊಣಕಾಲು ಹೇಳುತ್ತದೆ, ಉಸಿರು ಹೇಳುತ್ತದೆ. ಅವನು ತನ್ನ ನೋವಿನಿಂದ ಪಾರಾಗಲು ಗೇರು ಇಳಿಸುತ್ತಾನೆ, ಅದರ ಜೊತೆಗೆ ಚೈನೂ ಉಳಿಯುತ್ತದೆ. ಮೋಟಾರು ಬಂದಾಗ ಈ ಎಚ್ಚರಿಕೆಯ ಕೊಂಡಿ ಕಳಚುತ್ತದೆ. ಸಣ್ಣ ಹಲ್ಲುಚಕ್ರದ ಮೇಲೆ ಚೈನಿಟ್ಟು, ನೆರವನ್ನು ಪೂರ್ತಿ ಏರಿಸಿ, ಕಡಿದಾದ ಏರಿನಲ್ಲಿ ನಿಂತಲ್ಲಿಂದ ಹೊರಟರೂ ಕಾಲಿಗೆ ಆಯಾಸವೇನೂ ಆಗುವುದಿಲ್ಲ. ಕೆಲವೇ ಹಲ್ಲುಗಳು ಆ ಭಾರವನ್ನೆಲ್ಲ ಹೊರುತ್ತಿರುತ್ತವೆ. ಭಾರ ಬಿದ್ದಿರುವಾಗಲೇ ಗೇರು ಬದಲಿಸಿದರೆ ಚೈನು ಒಂದು ಚಕ್ರದಿಂದ ಇನ್ನೊಂದಕ್ಕೆ ಅಡ್ಡಡ್ಡವಾಗಿ ಎಳೆಯಲ್ಪಟ್ಟು ಕಟಕಟನೆ ಸದ್ದು ಮಾಡುತ್ತದೆ, ಕೆಲವೊಮ್ಮೆ ಕೊಂಡಿಯ ಪಟ್ಟಿ ಬಾಗಿ ತುಂಡಾಗುತ್ತದೆ. ಅಲ್ಲಿಯವರೆಗೂ ಸವಾರನಿಗೆ ಎಲ್ಲವೂ ಸುಖವೇ.

ಶ್ರಮವನ್ನು ಯಂತ್ರಕ್ಕೆ ಒಪ್ಪಿಸಿದಾಗ ಶ್ರಮದ ಅರಿವನ್ನೂ ನಾವು ಅದಕ್ಕೇ ಒಪ್ಪಿಸಿಬಿಡುತ್ತೇವೆ. ನೈತಿಕ ಸಮಸ್ಯೆ ಆರಂಭವಾಗುವುದು ಇಲ್ಲಿ. ನಮಗೆ ಅನುಭವಕ್ಕೆ ಬಾರದ ಭಾರಕ್ಕೆ ನಾವು ಹೊಣೆಗಾರರೇ? ತಿಳಿದಿರಲಿಲ್ಲ ಎಂಬುದು ಎಷ್ಟರ ಮಟ್ಟಿಗೆ ಸಬೂಬು?

ಬೆಟ್ಟದ ಸೈಕಲ್ ಸವಾರಿಯ ಆರಂಭದ ದಿನಗಳಲ್ಲಿ ಈ ಸಬೂಬಿಗೆ ಎಡೆಯಿರಲಿಲ್ಲ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರಲ್ಲಿ ಒಂದು ಕಡಿದಾದ ಇಳಿಜಾರಿನಲ್ಲಿ ಸ್ಪರ್ಧೆ ಶುರುವಾಯಿತು. ಹಳೆಯ ಸೈಕಲ್ಲುಗಳ ಹಿಂದಿನ ಚಕ್ರದ ಬ್ರೇಕು ಒಂದೇ ಇಳಿತಕ್ಕೆ ಕಾದು ಒಳಗಿನ ಗ್ರೀಸು ಸುಟ್ಟುಹೋಗುತ್ತಿತ್ತು. ಕೆಳಗೆ ತಲುಪಿದ ಮೇಲೆ ಬಿಚ್ಚಿ ಹೊಸ ಗ್ರೀಸು ತುಂಬಲೇಬೇಕು. ಮತ್ತೆ ತುಂಬುವುದು ಎಂಬ ಅರ್ಥದ 'ರೀಪ್ಯಾಕ್' ಎಂಬ ಹೆಸರೇ ಆ ಹಾದಿಗೆ ಬಂತು. ಅಲ್ಲಿ ಸವಾರಿಯೂ ಆರೈಕೆಯೂ ಬೇರೆ ಬೇರೆಯಾಗಿರಲಿಲ್ಲ.

'ನನ್ನ ಹಣ, ನನ್ನ ಸೈಕಲ್ಲು, ನನ್ನ ನಷ್ಟ' ಎಂಬುದು ಮೊದಲ ಆಕ್ಷೇಪ. ಮಾಲಿಕತ್ವವೆಂದರೆ ಹಾಳುಮಾಡುವ ಸ್ವಾತಂತ್ರ್ಯ ಎಂದು ಭಾವಿಸುವವರಿಗೆ ಇದು ಸರಿಯೆನಿಸಬಹುದು. ಆದರೆ ಇಸ್ಲಾಮ್ ಮನುಷ್ಯನನ್ನು ಭೂಮಿಯ ಮಾಲಿಕನೆಂದಲ್ಲ, ಪ್ರತಿನಿಧಿಯೆಂದು ಕರೆಯುತ್ತದೆ. ಕೈಯಲ್ಲಿರುವುದೆಲ್ಲ ಅಮಾನತ್, ಅಂದರೆ ಲೆಕ್ಕ ಒಪ್ಪಿಸಬೇಕಾದ ಠೇವಣಿ. ಹರಿಯುವ ಹೊಳೆಯ ದಂಡೆಯಲ್ಲಿ ವುಝೂ ಮಾಡುವಾಗಲೂ ನೀರನ್ನು ದುಂದು ಮಾಡಬಾರದೆಂಬ ಬೋಧನೆ ನಮ್ಮಲ್ಲಿ ಪ್ರಸಿದ್ಧ. ಅಲ್ಲಿ ನೀರಿಗೆ ಕೊರತೆಯಿಲ್ಲ, ಯಾರಿಗೂ ನಷ್ಟವಿಲ್ಲ. ಆದರೂ ದುಂದು ದುಂದೇ, ಏಕೆಂದರೆ ಅದು ಮೊದಲು ಕೆಡಿಸುವುದು ದುಂದು ಮಾಡುವವನನ್ನು. ಅವಧಿಗೆ ಮುಂಚೆ ಎಸೆದ ಹಲ್ಲುಚಕ್ರದ ಹಿಂದೆ ಗಣಿಯಿಂದ ತೆಗೆದ ಅದಿರಿದೆ, ಕುಲುಮೆಯ ಬೆಂಕಿಯಿದೆ, ಯಾವುದೋ ದೇಶದ ಕಾರ್ಮಿಕನ ಬೆವರಿದೆ. ಬೆಲೆ ಕೊಟ್ಟ ಮಾತ್ರಕ್ಕೆ ಇವುಗಳ ಲೆಕ್ಕ ಚುಕ್ತಾ ಆಗುವುದಿಲ್ಲ.

ನಷ್ಟ ತನ್ನೊಬ್ಬನದೇ ಎಂಬ ಮಾತೂ ನಿಜವಲ್ಲ. ಬೆಟ್ಟದ ನಡುವೆ ಚೈನು ತುಂಡಾದರೆ ಜೊತೆಗಾರರ ದಿನವೂ ಹಾಳು. ಇಂತಹ ಸೈಕಲ್ಲುಗಳು ಕೈ ಬದಲಾಗುವುದೂ ಇದೆ. ಚೌಕಟ್ಟನ್ನು ತೊಳೆದು ಹೊಳಪೇರಿಸಿ, ಸವೆದ ಚೈನು ಮತ್ತು ಹಲ್ಲುಗಳ ಬಗ್ಗೆ ಬಾಯಿ ಬಿಡದೆ ಮಾರಿದರೆ ಆ ಖರ್ಚು ಕೊಂಡವನ ತಲೆಗೆ ಬೀಳುತ್ತದೆ. ಮದೀನದ ಪೇಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಕೆಳಗೆ ಒದ್ದೆಯಿತ್ತು. ಒದ್ದೆಯಾದ ಧಾನ್ಯವನ್ನು ಜನರಿಗೆ ಕಾಣುವಂತೆ ಮೇಲೆ ಇಡಬೇಕಿತ್ತೆಂದು ವ್ಯಾಪಾರಿಯನ್ನು ಅವರು ಎಚ್ಚರಿಸಿದ ಘಟನೆ ನಮಗೆಲ್ಲ ಗೊತ್ತು. ತಲೆಗೂದಲಿನಷ್ಟು ಸವೆತ ಇಂದಿನ ಒದ್ದೆ ಧಾನ್ಯ. ಅದನ್ನು ಅಳೆದು ಹೇಳುವುದು ಮಾರುವವನ ಕೆಲಸ.

ಎರಡನೆಯ ಆಕ್ಷೇಪ ಕಂಪನಿಗಳ ಕುರಿತಾದದ್ದು. ಮನುಷ್ಯನ ಕಾಲಿಗೆಂದು ರೂಪಿಸಿದ ಚೈನಿನ ಮೇಲೆ ಮೋಟಾರಿನ ಬಲ ಹೇರಿದವರು ಅವರಲ್ಲವೇ? ಈ ಮಾತಿನಲ್ಲಿ ಹುರುಳಿದೆ. ಗೇರುಗಳ ಸಂಖ್ಯೆ ಏರಿದಂತೆ ಚೈನು ತೆಳ್ಳಗಾಗುತ್ತ ಬಂದಿದೆ. ಮೋಟಾರಿನ ನೆರವಿರುವವನಿಗೆ ಹನ್ನೆರಡು ಗೇರುಗಳ ಅಗತ್ಯವಿದೆಯೇ ಎಂಬ ಪ್ರಶ್ನೆಯನ್ನು ಸ್ರಾಮ್ ಕಂಪನಿ 2016ರಲ್ಲೇ ಕೇಳಿಕೊಂಡು, ವಿದ್ಯುತ್ ಸೈಕಲ್ಲಿಗಾಗಿಯೇ ಎಂಟು ಗೇರುಗಳ ವ್ಯವಸ್ಥೆ ತಂದಿತು. ಒಂದು ಬಾರಿಗೆ ಒಂದೇ ಗೇರು ಬದಲಾಗುವಂತೆ ಅದನ್ನು ರೂಪಿಸಲಾಗಿತ್ತು. ಜಪಾನಿನ ಶಿಮಾನೋ 2021ರಲ್ಲಿ ದಪ್ಪ ಹಲ್ಲುಗಳ ಲಿಂಕ್‌ಗ್ಲೈಡ್ ತಂದು, ಅದು ಮೂರು ಪಟ್ಟು ಬಾಳಿಕೆ ಬರುತ್ತದೆಂದು ಹೇಳಿಕೊಂಡಿತು. ಚೈನನ್ನೇ ಬಿಟ್ಟು ಬೆಲ್ಟು ಮತ್ತು ಮುಚ್ಚಿದ ಗೇರುಪೆಟ್ಟಿಗೆ ಬಳಸುವವರೂ ಇದ್ದಾರೆ. ಅಂದರೆ ಬಾಳಿಕೆ ಬರುವಂತೆ ಮಾಡುವುದು ಅಸಾಧ್ಯವೇನಲ್ಲ. ಆದರೆ ತೂಕ ಕಡಿಮೆಯಿರಲಿ, ಗೇರು ಹೆಚ್ಚಿರಲಿ ಎಂದು ಕೇಳುವ ಗಿರಾಕಿಗಳೂ ನಾವೇ. ಯುರೋಪಿಯನ್ ಒಕ್ಕೂಟ 2024ರಲ್ಲಿ ದುರಸ್ತಿಯ ಹಕ್ಕಿನ ಕುರಿತು ಕಾನೂನು ಅಂಗೀಕರಿಸಿದೆ. ಕಾನೂನು ತಯಾರಕನನ್ನು ಕಟ್ಟಿಹಾಕಬಹುದು, ಆದರೆ ಸವಾರನ ಕೈಗೆ ಎಣ್ಣೆಯ ಬಟ್ಟೆ ಕೊಡಲಾರದು.

ಅದು ಬರಿಯ ಲೋಹವಲ್ಲವೇ ಎಂಬುದು ಮೂರನೆಯ ಆಕ್ಷೇಪ. ಹೌದು, ಚೈನಿಗೆ ನೋವಿಲ್ಲ. ಚೈನನ್ನು ಜೀವಿಯೆಂದು ಭಾವಿಸುವ ಅಗತ್ಯವೂ ಇಲ್ಲ. ಆದರೆ ಇಮಾಮ್ ಗಝಾಲಿಯವರು ಕೃತಜ್ಞತೆಯ ಬಗ್ಗೆ ಬರೆಯುತ್ತಾ, ಅನುಗ್ರಹವೊಂದನ್ನು ಅದರ ಉದ್ದೇಶಕ್ಕೆ ತಕ್ಕಂತೆ ಬಳಸುವುದೇ ನಿಜವಾದ ಶುಕ್ರ್ ಎಂಬ ವಿಚಾರ ಮಂಡಿಸುತ್ತಾರೆ. ಅಗತ್ಯವಿಲ್ಲದೆ ಮರದ ಕೊಂಬೆ ಮುರಿಯುವುದೂ ಅವರ ದೃಷ್ಟಿಯಲ್ಲಿ ಕೃತಘ್ನತೆ, ಅದು ಮರಕ್ಕೂ ಅದನ್ನು ಮುರಿದ ಕೈಗೂ ಸಲ್ಲಬೇಕಾದ ಬೆಲೆಯನ್ನು ಮರೆಯುವುದು. ಹೀಗೆ ನೋಡಿದರೆ ಪ್ರಶ್ನೆ ಇರುವುದು ಚೈನಿನ ಹಕ್ಕಿನದಲ್ಲ, ಅದನ್ನು ಬಳಸುವವನ ಗುಣದ್ದು.

ಹಾಗಾದರೆ ಮೋಟಾರಿನ ನೆರವೇ ಬೇಡವೇ? ಖಂಡಿತ ಅಲ್ಲ. ಮೊಣಕಾಲು ಸವೆದ ಹಿರಿಯರು, ಹೃದಯದ ಕಾಯಿಲೆಯಿಂದ ಚೇತರಿಸಿಕೊಂಡವರು, ಗಂಡನ ವೇಗಕ್ಕೆ ಸಮನಾಗಿ ಬೆಟ್ಟ ಹತ್ತಲಾಗದಿದ್ದ ಮಹಿಳೆಯರು ಇಂದು ಆಲ್ಪ್ಸ್ ಪರ್ವತದ ಹಾದಿಗಳಲ್ಲಿ ಸಾಗುವುದಾದರೆ ಅದು ಈ ನೆರವಿನಿಂದಲೇ. ಇದೊಂದು ಅನುಗ್ರಹ. ಎರವಲು ಬಲವನ್ನು ಪಡೆಯುವುದು ತಪ್ಪಲ್ಲ, ಅದು ಎರವಲು ಎಂಬುದನ್ನು ಮರೆಯುವುದು ತಪ್ಪು. ಪ್ರಾಚೀನ ಕಾಲದಿಂದಲೂ ಮನುಷ್ಯ ಒಂಟೆ, ಎತ್ತು, ಕುದುರೆಗಳ ಬಲವನ್ನು ಎರವಲು ಪಡೆದಿದ್ದಾನೆ. ಮದೀನದ ತೋಟವೊಂದರಲ್ಲಿ ಕಣ್ಣೀರಿಡುತ್ತಿದ್ದ ಒಂಟೆಯನ್ನು ಕಂಡ ಪ್ರವಾದಿವರ್ಯರು(ಸ), ಅದನ್ನು ಹಸಿವಿನಲ್ಲಿಟ್ಟು ಅತಿಯಾಗಿ ದುಡಿಸುತ್ತಿದ್ದ ಯಜಮಾನನನ್ನು ಗದರಿದರು. ಒಂಟೆಗೆ ಕಣ್ಣೀರಿತ್ತು. ಚೈನಿಗೆ ಅದೂ ಇಲ್ಲ. ಆದ್ದರಿಂದ ಕಣ್ಣೀರಿನ ಜಾಗದಲ್ಲಿ ಅಳತೆಪಟ್ಟಿ ಬೇಕು, ಅನುಕಂಪದ ಜಾಗದಲ್ಲಿ ಶಿಸ್ತು ಬೇಕು. ಅನುಭವ ಹೇಳದಿದ್ದುದನ್ನು ಕೇಳಿ ತಿಳಿದುಕೊಳ್ಳುವುದು ಕರ್ತವ್ಯವಾಗುತ್ತದೆ. ಸಬೂಬಿನ ಪ್ರಶ್ನೆಗೂ ಇದೇ ಉತ್ತರ. ತಿಳಿಯಲು ಸಾಧ್ಯವಿಲ್ಲದ್ದಕ್ಕೆ ಕ್ಷಮೆಯಿದೆ, ತಿಳಿಯಲು ಎರಡು ನಿಮಿಷ ಸಾಕಿದ್ದೂ ತಿಳಿಯದೆ ಉಳಿದದ್ದಕ್ಕೆ ಇಲ್ಲ.

ಆ ಶಿಸ್ತೇನೂ ದೊಡ್ಡದಲ್ಲ. ಏರು ಬರುವ ಮುಂಚೆಯೇ ಗೇರು ಇಳಿಸುವುದು, ಬದಲಿಸುವ ಕ್ಷಣದಲ್ಲಿ ಪೆಡಲಿನ ಒತ್ತಡ ತಗ್ಗಿಸುವುದು, ಅಗತ್ಯವಿದ್ದಷ್ಟೇ ನೆರವು ಬಳಸುವುದು. ಕೆಸರಿನಲ್ಲಿ ಓಡಿಸಿದ ಮೇಲೆ ಚೈನನ್ನು ಒರೆಸಿ, ಒಣಗಿಸಿ, ಎಣ್ಣೆ ಹಾಕಿ, ಹೆಚ್ಚಾದದ್ದನ್ನು ಬಟ್ಟೆಯಿಂದ ತೆಗೆಯುವುದು. ಆಗಾಗ ಸವೆತ ಅಳೆಯುವುದು.

ಕೊನೆಗೆ ಒಂದು ಮಾತು. ಚೈನಿನ ಹಾಗೆ ಬಲಕ್ಕೂ ಫಲಕ್ಕೂ ನಡುವೆ ನಿಂತು ಭಾರ ಹೊರುವವರು ನಮ್ಮ ಮನೆಗಳಲ್ಲೂ ಸಂಸ್ಥೆಗಳಲ್ಲೂ ಇದ್ದಾರೆ. ಹಿರಿಯರ ಆಜ್ಞೆ ಮತ್ತು ಮಕ್ಕಳ ಹಟದ ನಡುವೆ ಸವೆಯುವ ತಾಯಿ, ಆಡಳಿತ ಮಂಡಳಿಯ ನಿರ್ಧಾರ ಮತ್ತು ಜನರ ದೂರಿನ ನಡುವೆ ನಿಂತ ಗುಮಾಸ್ತ, ಒಂದು ಗುಂಡಿ ಒತ್ತಿದ ಕೂಡಲೇ ಊಟ ತಂದುಕೊಡುವ ಹುಡುಗ. ಇವರಿಗೆ ಚೈನಿನಂತಲ್ಲದೆ ನೋವೂ ಇದೆ, ಹಕ್ಕೂ ಇದೆ. ನಮಗೆ ಎಲ್ಲವೂ ಸಲೀಸಾಗಿ ನಡೆಯುತ್ತಿದೆ ಎನಿಸಿದಾಗ ಆ ಸಲೀಸಿನ ಭಾರ ಯಾರ ಮೇಲೆ ಬಿದ್ದಿದೆ ಎಂದು ಒಮ್ಮೆ ವಿಚಾರಿಸೋಣ. ಸದ್ದು ಕೇಳಿಸುವವರೆಗೆ ಕಾದರೆ ಎಷ್ಟೋ ಬಾರಿ ತಡವಾಗಿರುತ್ತದೆ.